ಕೈ ಬಿಟ್ಟರೆ ನಿಲ್ಲುವ ರೇಡಿಯೋ

ಮುಲುಂಡಿನ ಆ ಹೌಸಿಂಗ್ ಸೊಸೈಟಿಯ ಆಫೀಸಿನಲ್ಲಿ ಎಂಟು ಕುರ್ಚಿಗಳಿದ್ದವು. ಮೂರು ವರ್ಷದಿಂದ ದಿನಾ ಅವುಗಳ ಧೂಳು ಒರೆಸುತ್ತಿದ್ದ ವಾಚ್‌ಮನ್ ಧರ್ಮಣ್ಣ ಒಂದರ ಮೇಲೂ ಕೂತವನಲ್ಲ. ಕೂರಬೇಡ ಎಂದು ಯಾರೂ ಬೋರ್ಡು ಹಾಕಿರಲಿಲ್ಲ. ಮರ್ಯಾದಸ್ಥರ ಜಾಗದಲ್ಲಿ ಇಂಥದಕ್ಕೆಲ್ಲ ಬೋರ್ಡು ಬೇಕಾಗುವುದಿಲ್ಲ.

ಆ ಭಾನುವಾರ ಮಧ್ಯಾಹ್ನ ಮೇಜಿನ ಮೇಲೆ ಎರಡು ರೇಡಿಯೋ ಕೂತಿದ್ದವು. ಫೋರ್ಟಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ತಿರುಮಲೇಶ ಅಲ್ಲಿನ ಫುಟ್‌ಪಾತಿನ ಫಾರಿನ್ ಮಾಲಿನವನಿಂದ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ನಾಳೆಯೇ ವಾಪಸು ಕೊಡುವ ಕರಾರಿನ ಮೇಲೆ ತಂದಿದ್ದ. ಎರಡಕ್ಕೂ ಕರೆಂಟು ಬೇಡ, ಸೆಲ್ಲು ಬೇಡ. ಪಕ್ಕದಲ್ಲೊಂದು ಹಿಡಿ, ತಿರುಗಿಸಿದರೆ ಮಾತಾಡುತ್ತದೆ. ಮುಲುಂಡಿನಲ್ಲಿ ಕರೆಂಟು ಬೇಕಾದಾಗ ಹೋಗಿ ಬೇಡವಾದಾಗ ಬರುತ್ತಿತ್ತು. ಅದೂ ಅಲ್ಲದೆ ಮುಂದಿನ ಶನಿವಾರ ಸೊಸೈಟಿಯ ಸಂಸಾರಗಳೆಲ್ಲ ಯೇವೂರಿನ ಗುಡ್ಡಕ್ಕೆ ಡೇರೆ ಹಾಕಲು ಹೊರಟಿದ್ದವು. ಕಾಡಿನ ಶಾಂತಿ ಅನುಭವಿಸಬೇಕು, ಆದರೆ ಅದರ ಸದ್ದು ಕೇಳಬಾರದು. ಅದಕ್ಕೆ ರೇಡಿಯೋ.

ದೊಡ್ಡದು ಕರಿ ಪೆಟ್ಟಿಗೆ. ಅಂಗಳ ತುಂಬುವಂಥ ಗಂಟಲು. ಆದರೆ ತಿರುಗಿಸುವಷ್ಟು ಹೊತ್ತೇ ಅದರ ಪ್ರಾಣ. ಕೈ ಬಿಟ್ಟರೆ ಬಾಯಿ ಮುಚ್ಚುತ್ತದೆ. ಸಣ್ಣದು ಸೋಪಿನ ಡಬ್ಬಿಯಷ್ಟು, ಕೆಂಪಗೆ. ಎರಡು ನಿಮಿಷ ತಿರುಗಿಸಿ ಇಟ್ಟರೆ ಒಳಗೆ ಶಕ್ತಿ ತುಂಬಿಕೊಂಡು ಕಾಲು ಗಂಟೆ ತನ್ನಷ್ಟಕ್ಕೆ ತಾನು ತೆಳ್ಳಗೆ ಹಾಡುತ್ತದೆ. ಬುದ್ಧಿ ಇದ್ದವರು ಸಣ್ಣದನ್ನು ಆರಿಸಬೇಕು. ಆದರೆ ಸೊಸೈಟಿಯ ಕಮಿಟಿಯ ಹತ್ತಿರ ಬುದ್ಧಿಗಿಂತ ದೊಡ್ಡ ಆಸ್ತಿ ಇತ್ತು: ಧರ್ಮಣ್ಣನ ಬಲಗೈ. ಅರ್ಧ ಗಂಟೆಯಿಂದ ಎರಡನ್ನೂ ತಿರುಗಿಸಿ ತೋರಿಸುತ್ತಿದ್ದವನು ಅವನೇ. ಆರಿಸುವವರಲ್ಲಿ ಒಬ್ಬರೂ ಹಿಡಿಯನ್ನು ಮುಟ್ಟಿರಲಿಲ್ಲ.

"ದೊಡ್ಡದೇ ಇರಲಿ ಕಣಯ್ಯಾ," ಎಂದರು ಸೆಕ್ರೆಟರಿ ವೆಂಕಟಸುಬ್ಬಯ್ಯ. ಮೈಸೂರಿನವರು, ವಿಮಾ ಕಚೇರಿಯಲ್ಲಿ ಅಧಿಕಾರಿ. "ಗಂಟಲು ಅಂದ್ರೆ ಇದು. ಅದು ಸೊಳ್ಳೆ ಗುಂಯ್ ಅಂದ ಹಾಗಿದೆ."

"ಆದ್ರೆ ಸಾರ್, ಕಾಡಲ್ಲಿ ಇದನ್ನ ತಿರುಗಿಸ್ತಾ ಕೂರೋದು ಯಾರು?" ಎಂದ ತಿರುಮಲೇಶ.

"ಯಾರು ಅಂದ್ರೆ? ಧರ್ಮಣ್ಣ ಇದಾನಲ್ಲ. ಶನಿವಾರ ನಮ್ಮ ಜೊತೆ ಹೊರಡ್ತಾನೆ, ಸೋಮವಾರ ಬೆಳಿಗ್ಗೆ ವಾಪಸ್."

ಧರ್ಮಣ್ಣನ ಕೈ ನಿಧಾನಿಸಿತು. ಹಾಡುತ್ತಿದ್ದ ಹೆಂಗಸಿನ ದನಿ ಕುಗ್ಗಿ ಗೊಗ್ಗರಾಯಿತು.

"ಸಾಹೇಬ್ರ, ರವಿವಾರ ನಮ್ಮ ಬಸ್ತಿಗೆ ಸರ್ವೆದವ್ರು ಬರ್ತಾರ್ರಿ, ಫೋಟೋಪಾಸಿಗೆ. ನಾ ಬಾಗಲದಾಗ ನಿಂದರಬೇಕ್ರಿ."

ಫೋಟೋಪಾಸ್ ಎಂದರೆ ಬಸ್ತಿಯ ಗುಡಿಸಲಿಗೆ ಸರಕಾರದ ಲೆಕ್ಕದಲ್ಲಿ ಗುಡಿಸಲು ಎಂಬ ಹೆಸರು ಸಿಗುವ ಕಾಗದ. ಮನೆಯ ಯಜಮಾನ ರೇಷನ್ ಕಾರ್ಡು ಹಿಡಿದು, ಎದೆಯ ಮುಂದೆ ಮನೆ ನಂಬರು ಬರೆದ ಸ್ಲೇಟು ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ಇಲ್ಲದಿದ್ದರೆ 'ಖಾಲಿ' ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಖಾಲಿ ಎಂದು ಬರೆದ ಮೇಲೆ ಕೆಡವಲು ಬರುವವರಿಗೆ ಒಳಗಿನವರು ಕಣ್ಣಿಗೇ ಬೀಳುವುದಿಲ್ಲ.

"ನಿನ್ನ ಹೆಂಡತಿ ಇರ್ತಾಳಲ್ಲಪ್ಪ?"

"ಇರ್ತಾಳ್ರಿ. ಕಾರ್ಡಿನ್ಯಾಗ ಹೆಸರು ನಂದೈತಿ. ನೀಲಾಬಾಯಿಗೆ ಮೀಸಿ ಅಂಟಿಸಿ ನಿಂದರಸ್ಲೇನ್ರಿ?"

ತಿರುಮಲೇಶ ಫಕ್ಕನೆ ನಕ್ಕ. ಸೆಕ್ರೆಟರಿ ನಗಲಿಲ್ಲ. "ಫೋಟೋ ತಾನೆ, ಇನ್ನೊಂದು ದಿನ ತೆಗೆಸ್ಕೋ," ಎಂದು, ಸರ್ವೆ ಏನೋ ಗಾಜಿನ ಬಾಗಿಲಿನ ಸ್ಟುಡಿಯೋ ಎಂಬಂತೆ ಕೈ ಬೀಸಿ, ಮೂಲೆಯಲ್ಲಿ ಸದ್ದಡಗಿಸಿಟ್ಟಿದ್ದ ಟಿವಿ ಕಡೆ ತಿರುಗಿದರು. ಅಲ್ಲಿ ಭಾರತದ ಕ್ರಿಕೆಟ್ ಪಂದ್ಯ ಕೊನೆಯ ಓವರಿಗೆ ಬಂದಿತ್ತು. ಒಂಬತ್ತು ರನ್ ಬೇಕಿತ್ತು.

ಕರೆಂಟು ಹೋಯಿತು.

ಇಡೀ ಬಿಲ್ಡಿಂಗ್ ಒಟ್ಟಿಗೆ ಉಸ್ಸೆಂದಿತು. "ಧರ್ಮಣ್ಣ, ತಿರುಗ್ಸು!" ಎಂದರು ಸೆಕ್ರೆಟರಿ. ಅವನು ತಿರುಗಿಸಿದ. ದೊಡ್ಡ ರೇಡಿಯೋ ಹಿಂದಿಯಲ್ಲಿ ಅಬ್ಬರಿಸಿತು. ಮೆಟ್ಟಿಲಿಳಿದು ಬಂದವರು ಬಾಗಿಲಲ್ಲಿ ಮುತ್ತಿದರು. ಒಂದು ಬಾಲು, ಎರಡು, ಮೂರು. ಇನ್ನು ಮೂರು ಬಾಲಿಗೆ ಐದು ರನ್.

ವಾಚ್‌ಮನ್ ಆಗುವ ಮುಂಚೆ ಧರ್ಮಣ್ಣ ಪರೇಲಿನ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದವನು. ದೊಡ್ಡ ಮುಷ್ಕರದಲ್ಲಿ ಕೆಲಸ ತೆತ್ತು ಕಲಿತ ಪಾಠ ಒಂದೇ: ಗೋದಾಮು ತುಂಬಿ ಧಣಿಗೇ ಬೇಡವಾಗಿದ್ದಾಗ ಯಂತ್ರ ನಿಲ್ಲಿಸಿದರೆ ಅವನು ಕಾಲು ಚಾಚಿ ಮಲಗುತ್ತಾನೆ. ಬೇಕೇ ಬೇಕು ಅನ್ನುವಾಗ ನಿಲ್ಲಿಸಬೇಕು.

ಅವನು ಹಿಡಿಯಿಂದ ಕೈ ತೆಗೆದ.

"ಏಯ್! ಏನಾಯ್ತೋ?"

"ಕೈ ನೋಯಾಕತ್ತದ್ರಿ."

ತಿರುಮಲೇಶ ಹಾರಿ ಬಂದು ಹಿಡಿದ. ಅವನ ಮೊದಲ ಹತ್ತು ಸುತ್ತಿಗೆ ವೀಕ್ಷಕ ವಿವರಣೆಗಾರ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿದ. ಇನ್ನು ಹತ್ತಕ್ಕೆ ಎಮ್ಮೆಯಂತೆ ಗೋಳಿಟ್ಟ. ಇಪ್ಪತ್ತೊಂದಕ್ಕೆ ಬ್ಯಾಂಕಿನ ಭುಜ ಸೋತು, "ಅಮ್ಮಾ," ಎಂದು ಕೂತುಬಿಟ್ಟಿತು. ಸಣ್ಣದರ ಶಕ್ತಿ ಆಗಲೇ ಮುಗಿದಿತ್ತು, ಅದನ್ನು ಮತ್ತೆ ಎರಡು ನಿಮಿಷ ತಿರುಗಿಸಿ ತುಂಬಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

"ಒಂದು ಬಾಲ್ ಹೋಯ್ತು, ರನ್ ಇಲ್ಲ!" ಬಾಗಿಲಲ್ಲಿದ್ದ ಯಾರೋ ಅತ್ತರು.

"ಏನು ಬೇಕಯ್ಯಾ ನಿನಗೆ?" ವೆಂಕಟಸುಬ್ಬಯ್ಯನವರ ಹಣೆ ಬೆವತಿತ್ತು.

"ರವಿವಾರ ರಜಾ."

"ಕೊಟ್ಟೆ, ತಿರುಗ್ಸು!"

"ಬಾಯಿಲೆ ಕೊಟ್ಟದ್ದು ಬಾಯಾಗ ಉಳೀತದ್ರಿ. ಬರದು ಕೊಡ್ರಿ."

ಸೆಕ್ರೆಟರಿ ಲೆಟರ್‌ಹೆಡ್ ಎಳೆದು ಗೀಚಿದರು. ಧರ್ಮಣ್ಣ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಸತ್ಯನಾರಾಯಣನ ಕಥೆಯಂತೆ ಒಂದೊಂದೇ ಅಕ್ಷರ ಓದಿದ.

"ತಾರೀಖ ಹಾಕಿಲ್ರಿ."

"ಇಲ್ಲೊಂದು ಕೊಲೆ ಆಗುತ್ತೆ ಧರ್ಮಣ್ಣ!"

"ಆಗಲ್ರಿ. ಅದಕ್ಕೂ ಮದ್ಲ ಸಿಕ್ಕಾ ಹೊಡೀರಿ."

ತಾರೀಖು ಗೀಚಿ ಹೊಡೆದ ಸೊಸೈಟಿಯ ಮೊಹರು ಮೇಜಿನ ಮೇಲೆ ಬಿದ್ದ ರಭಸಕ್ಕೆ ಚಹಾದ ಲೋಟ ಉರುಳಿತು. ಧರ್ಮಣ್ಣ ಕಾಗದ ಮಡಚಿ ಒಳಜೇಬಿಗೆ ಇಟ್ಟು, ಅಂಗೈ ಒರೆಸಿಕೊಂಡು ಹಿಡಿ ತಿರುಗಿಸಿದ. ಒಂದೇ ಬಾಲು ಬಾಕಿ ಇತ್ತು, ನಾಲ್ಕು ರನ್ ಬೇಕಿತ್ತು. ಚೆಂಡು ಗೆರೆ ದಾಟಿತು. ಗಂಡಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಬ್ಯಾಟು ಹಿಡಿದ ಕೈಯನ್ನು ಹಾಡಿ ಹೊಗಳಿದರು. ಹಿಡಿ ತಿರುಗಿಸಿದ ಕೈ ಪಕ್ಕದಲ್ಲೇ ಇತ್ತು, ಯಾರ ಕಣ್ಣಿಗೂ ಬೀಳಲಿಲ್ಲ.

ಸೆಕ್ರೆಟರಿಯ ಹೆಂಡತಿ ಕೌಸಲ್ಯಮ್ಮ ಚೆಲ್ಲಿದ ಚಹಾ ಒರೆಸುತ್ತ ಅಂದರು: "ಸಣ್ಣದನ್ನೇ ಇಟ್ಕೊಳ್ಳಿ. ದೊಡ್ಡದರ ಜೊತೆ ಮನುಷ್ಯ ಬೇಕು. ಮನುಷ್ಯ ಬಂದ್ರೆ ಬಾಯೂ ಬರುತ್ತೆ." ಗಂಡನಿಗೆ ಚುಚ್ಚಿದರೋ ಧರ್ಮಣ್ಣನಿಗೆ ಚುಚ್ಚಿದರೋ ಮುಖದಲ್ಲಿ ತಿಳಿಯಲಿಲ್ಲ. ಕಮಿಟಿ ಮಾತ್ರ ಆ ಮಾತನ್ನು ಸರ್ವಾನುಮತದಿಂದ ಪಾಸು ಮಾಡಿತು. ಕರಿ ಪೆಟ್ಟಿಗೆ ಮತ್ತೆ ರಟ್ಟಿನ ಡಬ್ಬಿ ಸೇರಿತು.

ಎಲ್ಲರೂ ಹೋದ ಮೇಲೆ ವೆಂಕಟಸುಬ್ಬಯ್ಯ ಬಾಗಿಲಲ್ಲಿ ನಿಂತು ಬೆರಳೆತ್ತಿದರು. "ಕಾಡಿಂದ ವಾಪಸ್ ಬರ್ತೀನಲ್ಲ, ಆ ಸೋಮವಾರ ಬಾ. ನಿನ್ನ ವಿಚಾರ ನೋಡ್ಕೋತೀನಿ."

"ನೋಡ್ಕೋರಿ ಸಾಹೇಬ್ರ," ಎಂದ ಧರ್ಮಣ್ಣ. "ಅಷ್ಟೊತ್ತಿಗೆ ನನಗೂ ಮನಿ ನಂಬರ್ ಇರ್ತದ. ಹುಡುಕಾಕ ತ್ರಾಸ ಆಗಂಗಿಲ್ಲ."