ರೇಸಿಗೆ ಕಟ್ಟಿದ ತಂತಿ

ನನಗೆ ಸಿಟ್ಟು ಬಂದರೆ ಕಣ್ಣು ಕಾಣುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಹಗರಿಬೊಮ್ಮನಹಳ್ಳಿಯಲ್ಲಿ ಪಂಪ್ ಎಂಜಿನ್ ರಿಪೇರಿ ಮಾಡುವ ದುರುಗೇಶ್ ಅಂದರೆ ಯಾರಾದರೂ, "ಕೈ ಚಲೋ, ಬಾಯಿ ಹೊಲಸು" ಅನ್ನುತ್ತಾರೆ. ಅನ್ನಲಿ. ಆ ದಿನ ನಮ್ಮಣ್ಣ ಹುಲುಗಣ್ಣ ಮುರಿದ ಎಡಗೈಗೆ ಪಟ್ಟಿ ಕಟ್ಟಿಸಿಕೊಂಡು ಅಂಗಡಿಗೆ ಬಂದದ್ದು ನೋಡಿ, ನನ್ನ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಗೋಡೆಗೆ ಹೋಗಿ ಬಡಿಯಿತು.

"ಯಾವ ನನ್ಮಗ ಅಣ್ಣಾ?"

"ರಾಮಾಂಜಿನಿ. ಮೀನಿನ ಬಲಿ ಎಲ್ಲಾ ಕೊಯ್ದು ಹಾಕ್ಯಾನ. ಕೇಳಾಕ ಹೋದ್ರ ಹುಟ್ಟು ತಗೊಂಡು ಹೊಡದ."

ಇಬ್ಬರೂ ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುವವರು. ನೀರಿನಲ್ಲಿ ಮುಳುಗಿದ ಹಳೇ ಊರಿನ ಕಲ್ಲುಗಳ ಸುತ್ತ ಮೀನು ಹೆಚ್ಚು. ಅಲ್ಲಿ ಒಂದೇ ಕಟ್ಟಳೆ: ದಿನಾ ಯಾರ ದೋಣಿ ಮೊದಲು ಮುಟ್ಟುತ್ತದೋ ಆ ದಿನ ಜಾಗ ಅವರದು. ರಾಮಾಂಜಿನಿಗೆ ಹೊಸ ಮೋಟರು ಬಂದಿತ್ತು. ಅಣ್ಣನ ದೋಣಿಗಿದ್ದದ್ದು ಅಪ್ಪ ಹರಾಜಿನಲ್ಲಿ ತಂದ ಮೂವತ್ತು ವರ್ಷದ ಮೋಟರು. ಅದರ ಎಂಜಿನ್ ಕಚ್ಚಿಕೊಂಡು ಕೂತು ಎರಡು ವರ್ಷವಾಗಿತ್ತು. ಒಂದೇ ಕೈಯಲ್ಲಿ ಹುಟ್ಟು ಹಾಕುವುದೂ ಆಗದು. ಮೋಟರು ಓಡದಿದ್ದರೆ ಅಣ್ಣ ನೀರಿಗಿಳಿಯುವಂತೆಯೇ ಇಲ್ಲ.

"ಅವನಿಗಿಂತ ಮುಂದ ಹೋಗಬೇಕು, ಅಷ್ಟೇ. ಮುಂದಿಂದು ನಾ ನೋಡ್ಕೋತೀನಿ" ಅಂದ ಅಣ್ಣ.

ಮುಂದಿಂದು ಏನು ಅಂತ ನಾನು ಕೇಳಲಿಲ್ಲ. ರಾಮಾಂಜಿನಿಯ ಹಲ್ಲು ಉದುರುವುದನ್ನು ನೋಡಬೇಕು ಅಂತ ನನಗೂ ಇತ್ತು.

ಹಳೇ ಮೋಟರಿನ ಕಾಲು, ಅಂದರೆ ನೀರಿಗಿಳಿಯುವ ಉದ್ದನೆಯ ಭಾಗ, ಗಟ್ಟಿಯಾಗಿತ್ತು. ತಲೆಯನ್ನಷ್ಟೇ ಬಿಚ್ಚಿ ಬಿಸಾಕಿದೆ. ಹೊಸಪೇಟೆಯ ಒಂದು ಹೋಟೆಲಿನವರು ಹುಲ್ಲು ಕತ್ತರಿಸುವ ಯಂತ್ರ ನನಗೆ ಮಾರಿದ್ದರು. ಅದರ ಎಂಜಿನ್ ಹೊಸದು, ಶಾಫ್ಟು ಕೆಳಮುಖ. ದಪ್ಪ ಕಬ್ಬಿಣದ ಪ್ಲೇಟು ಕೊರೆಸಿ, ಲೇತಿನಲ್ಲಿ ಜೋಡಣೆ ಮಾಡಿಸಿ, ಹಳೇ ಕಾಲಿನ ಮೇಲೆ ಅದನ್ನು ಕೂಡಿಸಿದೆ. ನ್ಯೂಟ್ರಲ್ ಮಾಡುವ ಗೇರು ತುಕ್ಕು ಹಿಡಿದಿತ್ತು, ತೆಗೆದುಬಿಟ್ಟೆ. ಎಂಜಿನ್ ಓಡಿದರೆ ನೀರೊಳಗೆ ದೋಣಿ ತಳ್ಳುವ ಫ್ಯಾನೂ ತಿರುಗಬೇಕು, ನಿಲ್ಲಬೇಕೆಂದರೆ ಸ್ವಿಚ್ ಒತ್ತಬೇಕು.

ಉಳಿದದ್ದು ರೇಸು, ಅಂದರೆ ಎಂಜಿನ್ನಿನ ವೇಗ ಏರಿಸುವ ಲಿವರು. ಇರುವ ಒಂದು ಕೈಯಲ್ಲಿ ದೋಣಿ ತಿರುಗಿಸಬೇಕು, ರೇಸೂ ಹಿಡಿಯಬೇಕು, ಆಗುತ್ತದಾ? ನಮ್ಮ ಕಡೆ ಹಳ್ಳದ ನೀರೆತ್ತುವ ಪ್ರತಿ ಪಂಪಿಗೂ ಮಾಡುವುದನ್ನೇ ಮಾಡಿದೆ. ರೇಸನ್ನು ಪೂರ್ತಿ ಎಳೆದು ಒಂದು ತಂತಿ ಬಿಗಿದೆ. ಹೊಲದಲ್ಲಿ ಹಾಗೆ ಕಟ್ಟಿಬಿಟ್ಟರೆ ರೈತ ಬೇವಿನ ಮರದ ಕೆಳಗೆ ಮಲಗುತ್ತಾನೆ, ಪಂಪು ತನ್ನ ಪಾಡಿಗೆ ಓಡುತ್ತದೆ. ಪಂಪು ಇದ್ದಲ್ಲೇ ಇರುತ್ತದೆ, ದೋಣಿ ಇರುವುದಿಲ್ಲ. ಅಷ್ಟು ಬುದ್ಧಿ ನನಗೆ ಆಗ ಹೊಳೆಯಲಿಲ್ಲವಲ್ಲ, ಥೂ!

ಕೆಲಸ ಮುಗಿದ ದಿನವೇ ಮಧ್ಯಾಹ್ನ, ಓಡಿಸಿ ನೋಡೋಣ ಅಂತ ದೋಣಿ ಇಳಿಸಿದೆವು. ಟ್ಯಾಂಕು ತುಂಬಿಸಿದವನೂ ನಾನೇ. ಹಗ್ಗ ಎಳೆದ ಕೂಡಲೇ ದೋಣಿ ನೆಗೆಯಿತು, ಅಣ್ಣ ಮಗುವಿನಂತೆ ಕೂಗಿದ. "ಲೇ ದುರುಗ್ಯಾ, ಹಾರತೈತಲೋ!" ಅಷ್ಟು ಖುಷಿಯಾಗಿ ಅವನನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ.

ಕಲ್ಲುಗಳ ಹತ್ತಿರ ರಾಮಾಂಜಿನಿ ಒಬ್ಬನೇ ಬಲೆ ಬಿಡುತ್ತಿದ್ದ. ನಮ್ಮನ್ನು ನೋಡಿ ಎದ್ದು ನಿಂತು ನಕ್ಕ.

"ಏನೋ ಕುಂಟ ಕೈಯಾ, ಹುಲ್ಲು ಕೊಯ್ಯಾಕ ಬಂದೇನು?"

ಅಣ್ಣ ಮೋಟರಿನ ಹಿಡಿಕೆ ಜಗ್ಗಿದ. ದೋಣಿಯ ಮೂತಿಯನ್ನು ನೇರ ಅವನ ಕಡೆ ತಿರುಗಿಸಿದ. "ಹೊಡಿ ಅಣ್ಣಾ!" ಅಂದವನು ನಾನು. ಹೌದು, ನಾನೇ.

ಹೊಡೆತಕ್ಕೆ ಮೂವರೂ ನೀರಿಗೆ ಬಿದ್ದೆವು. ನಾನು ತಲೆ ಎತ್ತುವಷ್ಟರಲ್ಲಿ ಅಣ್ಣ ರಾಮಾಂಜಿನಿಯ ಕೂದಲು ಹಿಡಿದು ಮುಖಕ್ಕೆ ಹಣೆಯಿಂದ ಗುದ್ದುತ್ತಿದ್ದ. ರಾಮಾಂಜಿನಿ ಅಣ್ಣನ ಮುರಿದ ಕೈಯನ್ನೇ ಹಿಡಿದು ತಿರುವಿದ. ಅಣ್ಣ ಚೀರಿದ, ಚೀರುತ್ತಲೇ ಅವನ ಹೆಗಲ ಮೇಲೆ ಹತ್ತಿ ಕುತ್ತಿಗೆಯನ್ನು ನೀರೊಳಗೆ ಅದುಮಿದ. ರಕ್ತ ಯಾರದು ಅಂತ ತಿಳಿಯುತ್ತಿರಲಿಲ್ಲ.

ಆಗ ಎಂಜಿನ್ ಸದ್ದು ಹತ್ತಿರವಾಯಿತು.

ಹಿಡಿಕೆ ಬಿಟ್ಟ ಮೋಟರು ಒಂದು ಕಡೆ ವಾಲಿ, ನಮ್ಮ ಖಾಲಿ ದೋಣಿ ಗಾಣದ ಎತ್ತಿನಂತೆ ಸುತ್ತು ಹಾಕುತ್ತಿತ್ತು. ಬೇರೆ ಮೋಟರಾಗಿದ್ದರೆ ಕೈ ಬಿಟ್ಟಕೂಡಲೇ ರೇಸು ಇಳಿಯುತ್ತಿತ್ತು. ಇದು ಇಳಿಯದು, ನಾನು ಕಟ್ಟಿದ್ದೇನೆ. ಮೊದಲ ಸುತ್ತಿನಲ್ಲಿ ಮಾರು ದೂರದಲ್ಲಿ ಹಾದುಹೋಯಿತು. "ಅಣ್ಣಾ ಬಿಡೋ, ಮುಳುಗೋ!" ಗಂಟಲು ಹರಿಯುವಂತೆ ಕೂಗಿದೆ. ಅವನಿಗೆ ಕೇಳಲಿಲ್ಲವೋ, ಕೇಳಿಯೂ ಬಿಡಲಿಲ್ಲವೋ. ಎರಡನೇ ಸುತ್ತಿಗೆ ದೋಣಿ ನೇರ ಅವನ ಬೆನ್ನ ಮೇಲೆ ಹತ್ತಿತು. ಎಂಜಿನ್ ಸದ್ದು ಒಂದು ಕ್ಷಣ ದಪ್ಪಗಾಯಿತು, ಮತ್ತೆ ಮೊದಲಿನಂತೆ ಓಡಿತು.

ಕೆಳಗೆ ಅದುಮಿಸಿಕೊಂಡಿದ್ದವನು ಉಳಿದ. ಮೇಲಿದ್ದ ನಮ್ಮಣ್ಣ ಉಳಿಯಲಿಲ್ಲ.

ಅಣ್ಣನನ್ನು ತನ್ನ ದೋಣಿಗೆ ಎಳೆದುಕೊಂಡವನು ರಾಮಾಂಜಿನಿ. ನನ್ನನ್ನೂ ಅವನೇ ಎಳೆದ. ಹರಿದ ಬೆನ್ನಿಗೆ ಇಬ್ಬರೂ ಅಂಗಿ ಬಿಚ್ಚಿ ತುರುಕಿದೆವು, ದಂಡೆ ಬರುವ ಮೊದಲೇ ಉಸಿರು ನಿಂತಿತು.

ದಂಡೆಯಲ್ಲಿದ್ದವರು ದೂರದಿಂದ ಹೊಡೆದಾಟ ಕಂಡಿದ್ದರು, ಈಗ ಹೆಣ ಕಂಡರು. ರಾಮಾಂಜಿನಿಯನ್ನು ದೋಣಿಯಿಂದ ಕಾಲು ಹಿಡಿದು ಎಳೆದು ಕಲ್ಲಿನ ಮೇಲೆ ಕೆಡವಿದರು. ಹುಟ್ಟಿನಿಂದ ಹೊಡೆದರು, ಒದ್ದರು. "ನಾ ಅಲ್ಲ, ನಾ ಅಲ್ಲ" ಅನ್ನುತ್ತಿದ್ದ ಅವನ ಬಾಯಿಗೆ ಒಬ್ಬ ಹಿಮ್ಮಡಿಯಿಂದ ತುಳಿದ. ಹಲ್ಲು ಉದುರಿದ್ದನ್ನು ನೋಡಿದೆ. ಬೇಕು ಅಂತಿದ್ದೆನಲ್ಲ, ನೋಡಿದೆ. ಬಾಯಿ ಹೊಲಸು ಅನ್ನಿಸಿಕೊಂಡ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಸುಮ್ಮನಿದ್ದರೆ ಸಾಕಿತ್ತು, ಎಲ್ಲ ಅವನ ತಲೆಗೇ ಹೋಗುತ್ತಿತ್ತು.

ಅತ್ತಿಗೆ ಪಕ್ಕೀರಮ್ಮ ಗಂಡನಿಗೆ ಬುತ್ತಿ ತಂದವಳು ಜನರನ್ನು ಸೀಳಿಕೊಂಡು ಬಂದಳು. ಅಳಲಿಲ್ಲ. ದೋಣಿ ಕಟ್ಟಲು ದಂಡೆಯಲ್ಲಿ ನೆಟ್ಟಿದ್ದ ಹಾರೆ ಕಿತ್ತುಕೊಂಡು ರಾಮಾಂಜಿನಿಯ ತಲೆಯ ಮೇಲೆ ಎತ್ತಿದಳು.

ನಾನು ಅವನ ಮೇಲೆ ಬಿದ್ದೆ.

"ಅತ್ತಿಗೀ, ಇವನಲ್ಲ. ಅಣ್ಣನ್ನ ಕೊಂದಾವ ನಾನು. ರೇಸು ಕಟ್ಟಿಬಿಟ್ಟಿದ್ದೆ. ದೋಣಿ ತಿರುಗಿ ಬಂದು ಹೊಡೀತು."

ಎಲ್ಲರೂ ನಿಂತರು. ಅತ್ತಿಗೆ ನನ್ನನ್ನು ನೋಡಿದಳು.

"ಯಾಕ ಕಟ್ಟಿದ್ಯೋ?"

ಅಣ್ಣನ ಕೈ ಮುರಿದಿತ್ತು, ಅನುಕೂಲಕ್ಕೆ ಅಂತ, ಏನೆಲ್ಲ ಹೇಳಬಹುದಿತ್ತು.

"ಎಲ್ಲರಿಗೂ ಹಂಗ ಕಟ್ಟತೀನಿ, ಅತ್ತಿಗೀ" ಅಂದೆ.

ಅವಳು ಹಾರೆಯನ್ನು ಕೆಳಗಿಳಿಸಲಿಲ್ಲ. ಯಾರೂ ಅವಳ ಕೈ ಹಿಡಿಯಲಿಲ್ಲ, ನಾನೂ ತಲೆ ಸರಿಸಲಿಲ್ಲ.