ನಾಲ್ಕನೆಯ ಫಾರಂ

ಆ ಬೀದಿಯಲ್ಲಿ ಕಾದಂಬರಿಯೊಂದನ್ನು ಪೂರ್ತಿ ಓದಿದವರು ಯಾರೂ ಇರಲಿಲ್ಲ. ಆದರೆ ಎಲ್ಲರ ಮನೆಯಲ್ಲೂ ಕಾದಂಬರಿಗಳು ಸೊಂಟದೆತ್ತರಕ್ಕೆ ಬಿದ್ದಿರುತ್ತಿದ್ದವು. ಬೈಂಡಿಂಗ್ ಶಾಪಿನಿಂದ ಅಚ್ಚಾದ ದೊಡ್ಡ ಹಾಳೆಗಳು ಮನೆಮನೆಗೆ ಬರುತ್ತಿದ್ದವು. ಒಂದು ಹಾಳೆಯನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟದ ಒಂದು ಫಾರಂ. ಮೂಲೆಮನೆಯವರಿಗೆ ಮೊದಲನೆಯ ಫಾರಂ, ಎದುರುಮನೆಯವರಿಗೆ ಎರಡನೆಯದು, ಹೀಗೆ ಹಂಚಿಕೆ. ಚೂಟಿಯ ಮನೆಗೆ ನಾಲ್ಕನೆಯದು. ಯಾವ ಕಾದಂಬರಿಯೇ ಬರಲಿ, ಅವರ ಪಾಲಿಗೆ ಬರುವುದು ನಲವತ್ತೊಂಬತ್ತರಿಂದ ಅರವತ್ತನಾಲ್ಕನೆಯ ಪುಟ.

ಆ ಹದಿನಾರು ಪುಟಗಳಲ್ಲಿ ಎಂದೂ ಯಾರ ಮದುವೆಯೂ ಆಗುತ್ತಿರಲಿಲ್ಲ, ಯಾರೂ ಸಾಯುತ್ತಲೂ ಇರಲಿಲ್ಲ. ನಾಯಕಿ ಕಿಟಕಿಯ ಬಳಿ ನಿಂತಿರುತ್ತಿದ್ದಳು. ನಾಯಕ ಹೇಳಬೇಕೆಂದುಕೊಂಡದ್ದನ್ನು ಹೇಳದೆ ಮೆಟ್ಟಿಲಿಳಿದು ಹೋಗುತ್ತಿದ್ದ. ಒಮ್ಮೆಯಂತೂ ಅರವತ್ತನಾಲ್ಕನೆಯ ಪುಟ ‘ನಾನು ನಿಮಗೆ ಒಂದು ಮಾತು’ ಎಂಬಲ್ಲಿಗೇ ನಿಂತುಬಿಟ್ಟಿತು. ಉಳಿದ ಮಾತು ಐದನೆಯ ಫಾರಂ ಮಡಿಸುವ ಹಿಂದಿನ ಬೀದಿಯ ಅಜ್ಜಿಯ ಮನೆಯಲ್ಲಿತ್ತು. ಚೂಟಿ ಓಡಿಹೋಗಿ ಕೇಳಿದರೆ ಅಜ್ಜಿ, “ಮೊದ್ಲು ಕೈ ತೋರ್ಸು, ಕೊಳೆ ಇದ್ಯಾ?” ಎಂದು ಬಾಗಿಲಲ್ಲೇ ತಡೆದಳು. ಆಮೇಲೆ, “ಏನ್ ಮಾತೋ ನಂಗೇನ್ ಗೊತ್ತೇ, ನಂಗೆ ಓದಕ್ಕೆ ಬರಲ್ಲ. ಗೆರೆಗೆ ಗೆರೆ ಕೂತ್ರೆ ಸಾಕು” ಎಂದು ಕಳಿಸಿಬಿಟ್ಟಳು.

ಹೀಗಾಗಿ ಹದಿಮೂರಕ್ಕೆ ಕಾಲಿಡುವಷ್ಟರಲ್ಲಿ ಚೂಟಿಗೆ ಪ್ರೀತಿಯ ಬಗ್ಗೆ ಖಚಿತವಾದ ತಿಳಿವಳಿಕೆ ಬಂದಿತ್ತು. ಪ್ರೀತಿ ಎಂದರೆ ಇಬ್ಬರು ಬಾಯಿ ಬಿಡದೆ ಇರುವುದು. ಯಾರಾದರೂ ಮೂರನೆಯವರು ನಡುವೆ ಬಂದು ಬಾಯಿ ಬಿಡಿಸದಿದ್ದರೆ ಅವರು ಹಾಗೇ ಮುದುಕರಾಗಿಬಿಡುತ್ತಾರೆ. ಆ ವರ್ಷ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಊಟದ ಮುಂದೆ ಕೂತರೆ ಕಾಲು ಕುಣಿಯುತ್ತಿತ್ತು, ಮಲಗಿದರೆ ಹೊದಿಕೆ ಸೆಕೆಯಾಗುತ್ತಿತ್ತು, ತೆಗೆದರೆ ಚಳಿ. “ಇವಳ ಕಾಲಿಗೆ ಯಾರೋ ಚಕ್ರ ಕಟ್ಟಿದ್ದಾರೆ” ಎಂದು ಅಮ್ಮ ಗೊಣಗುತ್ತಿದ್ದಳು. ಅಮ್ಮ ಹಗಲೆಲ್ಲ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ದುಡಿಯುತ್ತಿದ್ದಳು. ಮನೆಯಲ್ಲಿ ಹಾಳೆ ಮಡಿಸುತ್ತಿದ್ದವಳು ಅಮ್ಮನ ತಂಗಿ, ಚಿಕ್ಕಮ್ಮ.

ಚಿಕ್ಕಮ್ಮನಿಗೆ ಮೂವತ್ತಾರು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಅಮ್ಮ “ಆಗ್ಲಿಲ್ಲ” ಎನ್ನುತ್ತಿದ್ದಳು, ಚಿಕ್ಕಮ್ಮ “ಪುರುಸೊತ್ತಾಗ್ಲಿಲ್ಲ” ಎನ್ನುತ್ತಿದ್ದಳು. ಹಾಳೆ ಎಳೆದು, ಅಂಚಿಗೆ ಅಂಚು ಕೂಡಿಸಿ, ಮೂಳೆಯ ಪಟ್ಟಿಯಿಂದ ಮಡಿಕೆಯ ಮೇಲೆ ಒಮ್ಮೆ ಉಜ್ಜಿದಳೆಂದರೆ ಆ ಮಡಿಕೆ ಚಾಕುವಿನಂತೆ ನಿಲ್ಲುತ್ತಿತ್ತು. ಅವಳಿಗೆ ಒಂದೇ ಒಂದು ಆಸೆ ಇತ್ತು. ಶಾಪಿನಲ್ಲಿ ಪುಸ್ತಕ ಹೊಲಿಯುವ ಮಿಷನ್ನಿನ ಮುಂದೆ ಮೂರು ಕುರ್ಚಿಗಳಿದ್ದವು. ಒಬ್ಬಾಕೆ ಕೆಲಸ ಬಿಡುವವಳಿದ್ದಳು. ಆ ಕುರ್ಚಿ ತನಗೆ ಬೇಕೆಂದು ಚಿಕ್ಕಮ್ಮ ಶಾಪಿನ ಯಜಮಾನಿಯನ್ನು ಕೇಳಿಬಂದಿದ್ದಳು. ಹತ್ತು ವರ್ಷದಿಂದ ನೆಲದ ಮೇಲೆ ಒಬ್ಬಳೇ ಕೂತು ಮಡಿಸಿದ್ದಾಗಿತ್ತು. “ಒಂದ್ ಸಲ ನಾಲ್ಕು ಜನದ ಮಧ್ಯೆ, ಕುರ್ಚಿ ಮೇಲೆ ಕೂತು ಕೆಲ್ಸ ಮಾಡ್ಬೇಕು ಕಣೇ” ಎನ್ನುತ್ತಿದ್ದಳು. ಯಜಮಾನಿ “ನೋಡೋಣ” ಎಂದಿದ್ದಳು.

ಚೂಟಿಗೆ ಕುರ್ಚಿಯ ಆಸೆ ತೀರ ಸಪ್ಪೆ ಎನಿಸಿತ್ತು. ಅವಳ ಕಣ್ಣಿದ್ದದ್ದು ಗುರುವಾರದ ಮೇಲೆ.

ಗುರುವಾರ ಬಂಡಲಣ್ಣ ಬರುತ್ತಿದ್ದ. ಮೂರು ಗಾಲಿಯ ಸೈಕಲ್ ಗಾಡಿಯಲ್ಲಿ ಹೊಸ ಹಾಳೆ ತಂದು ಹಾಕಿ, ಮಡಿಸಿದ ಬಂಡಲುಗಳನ್ನು ಒಯ್ಯುವುದು ಅವನ ಕೆಲಸ; ಉಳಿದ ದಿನ ಶಾಪಿನಲ್ಲೇ ಇರುತ್ತಿದ್ದ. ನಲವತ್ತು ದಾಟಿದ್ದ; ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಒಂದೊಂದು ಮನೆಯವರು ಒಂದೊಂದು ಬಣ್ಣದ ದಾರದಲ್ಲಿ ಬಂಡಲು ಕಟ್ಟಬೇಕೆಂಬುದು ಶಾಪಿನ ಕಟ್ಟಳೆ. ಮಡಿಕೆ ಸೊಟ್ಟಗಿದ್ದರೆ ಯಾರ ಕೈಯದು ಎಂದು ತಿಳಿಯಬೇಕಲ್ಲ. ಚೂಟಿಯ ಮನೆಯದು ನೀಲಿ ದಾರ. ಬಂಡಲಣ್ಣ ಮೇಲಿನ ಬಂಡಲನ್ನು ಬಿಚ್ಚಿ, ಒಂದು ಫಾರಂ ತೆಗೆದು, ಬೆಳಕಿಗೆ ಹಿಡಿದು ನೋಡುತ್ತಿದ್ದ.

“ಏನಿವ್ರೇ, ಈ ವಾರನೂ ತಪ್ಪು ಸಿಗ್ಲಿಲ್ವಲ್ಲ. ನನ್ ಕೆಲ್ಸಕ್ಕೆ ಕಲ್ಲು ಹಾಕ್ತೀರಾ?”

“ಕನ್ನಡ್ಕ ಹಾಕ್ಕೊಂಡು ನೋಡಿ, ಸಿಗ್ಬಹುದು” ಎನ್ನುತ್ತಿದ್ದಳು ಚಿಕ್ಕಮ್ಮ.

ಅಷ್ಟೇ. ಅವನು ನೀರು ಕುಡಿದು ಹೋಗುತ್ತಿದ್ದ. ಆದರೆ ಗುರುವಾರ ಚಿಕ್ಕಮ್ಮ ಬೆಳಗ್ಗೆಯೇ ತಲೆ ಬಾಚಿಕೊಳ್ಳುತ್ತಿದ್ದಳು. ಎಲ್ಲರಿಗೂ ಸ್ಟೀಲ್ ಲೋಟವಾದರೆ ಅವನಿಗೆ ಗಾಜಿನ ಲೋಟ. ಅವನು ಹೋದ ಮೇಲೆ ಆ ಲೋಟವನ್ನು ಕೂಡಲೇ ತೊಳೆಯುತ್ತಿರಲಿಲ್ಲ. ಇಷ್ಟು ಸಾಕಾಯಿತು. ಚೂಟಿ ಇಡೀ ಕಾದಂಬರಿಯನ್ನೇ ಕಟ್ಟಿಬಿಟ್ಟಳು. ಮಿಷನ್ನು, ಕುರ್ಚಿ ಎಲ್ಲ ನೆಪ. ಅಸಲಿಗೆ ಚಿಕ್ಕಮ್ಮ ಅವನಿದ್ದಲ್ಲಿಗೆ ಹೋಗಬೇಕೆಂದು ಒದ್ದಾಡುತ್ತಿದ್ದಾಳೆ. ಅವನೋ ಹೇಳಲಾರ, ಅವಳೋ ಕೇಳಲಾರಳು.

ಒಂದು ಬುಧವಾರ ಚಿಕ್ಕಮ್ಮ ಸ್ನಾನಕ್ಕೆ ಹೋದಾಗ ಚೂಟಿ ಅಚ್ಚುತಪ್ಪಿದ ಹಾಳೆಯ ಖಾಲಿ ಬದಿಯಲ್ಲಿ, ಚಿಕ್ಕಮ್ಮನೇ ಬರೆದಂತೆ, ಬಂಡಲಣ್ಣನ ಹೆಸರಿಗೆ ಕಾಗದ ಬರೆದಳು. ಚಿಕ್ಕಮ್ಮನ ಹೆಸರು ಹಾಕಬಾರದು, ಗುಟ್ಟು ಗುಟ್ಟಾಗಿರಬೇಕು ಎಂದು ಕೊನೆಗೆ ‘ನೀಲಿ ದಾರದವಳು’ ಎಂದು ಸಹಿ ಮಾಡಿದಳು. ಮೇಲಿನ ಬಂಡಲಿನ ಮೊದಲ ಫಾರಮ್ಮಿನ ಮಡಿಕೆಯಲ್ಲಿ ಅದನ್ನು ತೂರಿಸಿ ದಾರ ಕಟ್ಟಿದಳು. ಬಿಚ್ಚುವವನು ಅವನೇ ತಾನೆ?

ಮರುದಿನ ಮಳೆಯ ಮೋಡ ಕವಿದಿತ್ತು. ಬಂಡಲಣ್ಣ ಅವಸರದಲ್ಲಿದ್ದ. ಏನನ್ನೂ ಬಿಚ್ಚಲಿಲ್ಲ, ನೀರೂ ಕುಡಿಯಲಿಲ್ಲ. ಬಂಡಲುಗಳನ್ನು ಎತ್ತೆತ್ತಿ ಗಾಡಿಗೆ ಹಾಕಿ, ಟಾರ್ಪಾಲು ಎಳೆದು, ಪೆಡಲು ತುಳಿದು ಹೊರಟೇಬಿಟ್ಟ. ಮೇಲಿನ ಬಂಡಲು ಗಾಡಿಯ ತಳ ಸೇರಿತು. ಚೂಟಿ ಗಾಡಿಯ ಹಿಂದೆ ತಿರುವಿನವರೆಗೂ ಓಡಿದಳು. ಏನೆಂದು ಕೂಗುವುದು?

ಆ ವಾರ ಅವಳು ಮುಳ್ಳಿನ ಮೇಲೆ ಕೂತಂತಿದ್ದಳು. ಸೈಕಲ್ ಬೆಲ್ ಕೇಳಿದರೆ ಬಾಗಿಲಿಗೆ, ಕೇಳದಿದ್ದರೆ ಕಿಟಕಿಗೆ. ಬಂಡಲಣ್ಣ ಬಂದದ್ದು ಮುಂದಿನ ಗುರುವಾರವೇ. ಒಳಗೆ ಬರಲಿಲ್ಲ. ಹೊಸಿಲಾಚೆ ನಿಂತು, ಗೋಡೆ ನೋಡುತ್ತ ಹೇಳಿದ:

“ನಿಮ್ ಬಂಡಲಲ್ಲಿ ಒಂದು ಕಾಗದ ಸಿಕ್ಕಿದೆ. ನನ್ನ ಹೆಸರಿಗೆ ಬರೆದಿದ್ದು. ಫಾರಂ ಜೋಡಿಸೋ ಹೆಂಗಸ್ರು ಓದ್ಬಿಟ್ಟಿದ್ದಾರೆ. ಜೋರಾಗಿ. ಯಜಮಾನಿ ಶನಿವಾರ ಮಧ್ಯಾಹ್ನ ಬರಕ್ಕೆ ಹೇಳಿದ್ದಾರೆ.”

ಚಿಕ್ಕಮ್ಮನ ಕೈಯಲ್ಲಿ ಗಾಜಿನ ಲೋಟವಿತ್ತು. ಅವಳು ತಿರುಗಿ ಚೂಟಿಯನ್ನು ನೋಡಿದಳು. ಒಂದೇ ನೋಟ. ಆಮೇಲೆ ಅವನಿಗೆ, “ಸರಿ, ಬರ್ತೀನಿ” ಎಂದಳು. ನೀಲಿ ದಾರ ಯಾರದೆಂದು ಶಾಪಿನ ಬೆಕ್ಕಿಗೂ ಗೊತ್ತಿರುವ ಸಂಗತಿ ಎಂಬುದು ಚೂಟಿಗೆ ಹೊಳೆದದ್ದೇ ಆಗ.

ಸಂಜೆ ಅಮ್ಮನ ಕಿವಿಗೆ ಬೀದಿಯಲ್ಲೇ ಬಿದ್ದಿತ್ತು. “ಯಾವ ಮುಂಡೇದು ಬರೆದಿದ್ದು? ಕೈ ಮುರೀತೀನಿ! ಆ ಕುರ್ಚಿ ಹೋಯ್ತು ಅಂತ ತಿಳ್ಕೋ. ಗಂಡಸಿಗೆ ಕಾಗದ ಬರಿಯೋಳ್ನ ಅವನ ಪಕ್ಕದಲ್ಲೇ ಯಾರ್ ಕೂರಿಸ್ಕೊಳ್ತಾರೆ?”

“ಯಾರೋ ತಮಾಷೆಗೆ ಬರ್ದಿರ್ಬೇಕು ಬಿಡಕ್ಕ” ಎಂದಳು ಚಿಕ್ಕಮ್ಮ. ಅಂದೂ ಮರುದಿನವೂ ಅವಳು ಚೂಟಿಯನ್ನು ಬೈಯಲಿಲ್ಲ, ಮಾತಾಡಿಸಲೂ ಇಲ್ಲ. ಹಾಳೆ ಮಡಿಸಿದಳು, ಮಡಿಸಿದಳು. ಮೂಳೆಯ ಪಟ್ಟಿಯ ಸದ್ದು ಮಾತ್ರ. ಬೈದಿದ್ದರೆ ಚೂಟಿ ಅತ್ತು ಹಗುರಾಗುತ್ತಿದ್ದಳು. ಈಗ ಒಳಗೆ ಹೊರಗೆ ತಿರುಗಿದ್ದೇ ತಿರುಗಿದ್ದು, ಹಿತ್ತಲ ನಲ್ಲಿಯನ್ನು ಸುಮ್ಮನೆ ತೆರೆದದ್ದು, ಮುಚ್ಚಿದ್ದು. ಚಿಕ್ಕಮ್ಮ ಒಂದು ಮಾತು ‘ಇವಳು ಬರೆದದ್ದು’ ಎಂದರೆ ಮುಗಿಯುತ್ತಿತ್ತು. ಆ ಮಾತನ್ನು ಅವಳು ಆಡುವುದಿಲ್ಲ ಎಂದು ಶುಕ್ರವಾರ ಸಂಜೆಯ ಹೊತ್ತಿಗೆ ಚೂಟಿಗೆ ಅರ್ಥವಾಯಿತು.

ಶನಿವಾರ ಚಿಕ್ಕಮ್ಮ ಹೊರಟು ಸ್ವಲ್ಪ ಹೊತ್ತಾದ ಮೇಲೆ ಚೂಟಿಯೂ ಚಪ್ಪಲಿ ಮೆಟ್ಟಿದಳು. ದಾರಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿ ಮತ್ತೆ ಮುಂದಕ್ಕೆ ನಡೆದಳು.

ಶಾಪಿನೊಳಗೆ ಅಂಟಿನ ವಾಸನೆ. ಉದ್ದ ಮೇಜಿನ ಸುತ್ತ ಮೂವರು ಹೆಂಗಸರು ಸುತ್ತುತ್ತ, ಗುಡ್ಡೆ ಗುಡ್ಡೆಯಿಂದ ಒಂದೊಂದು ಫಾರಂ ಎತ್ತಿಕೊಳ್ಳುತ್ತಿದ್ದರು. ಕಿವಿ ಮಾತ್ರ ಯಜಮಾನಿಯ ಕಡೆ. ಬಂಡಲಣ್ಣ ಮೂಲೆಯಲ್ಲಿ ಪುಸ್ತಕಗಳನ್ನು ಒತ್ತುವ ಕಬ್ಬಿಣದ ತಿರುಪು ಬಿಗಿಯುತ್ತಿದ್ದ. ಚಿಕ್ಕಮ್ಮ ಯಜಮಾನಿಯ ಮುಂದೆ ನಿಂತಿದ್ದಳು.

“ನಿನ್ ಕೈ ಚೆನ್ನಾಗಿದೆ, ಇಲ್ಲ ಅನ್ನಲ್ಲ” ಎನ್ನುತ್ತಿದ್ದಳು ಯಜಮಾನಿ. “ಆದ್ರೆ ಇಲ್ಲಿ ಕೆಲ್ಸ ನಡೀಬೇಕಮ್ಮ, ನಾಟಕ ಅಲ್ಲ. ನೀನು ಬರೆದಿಲ್ಲ ಅಂದ್ರೆ ಮತ್ತೆ ಬರೆದೋರು ಯಾರು, ಅದನ್ನಾದ್ರೂ ಹೇಳು.”

ಚಿಕ್ಕಮ್ಮ ಸೆರಗಿನ ತುದಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿದಳು.

“ನಾನು” ಎಂದಳು ಚೂಟಿ. ಯಾರಿಗೂ ಕೇಳಿಸಲಿಲ್ಲ. ಮತ್ತೆ, “ನಾನೇ ಬರೆದಿದ್ದು! ಚಿಕ್ಕಮ್ಮಂಗೆ ಗೊತ್ತೇ ಇರ್ಲಿಲ್ಲ!” ಎಂದಳು. ಈ ಸಲ ಕೂಗೇ ಬಂತು.

ಮೇಜಿನ ಸುತ್ತ ಕಾಲುಗಳು ನಿಂತವು. ಯಜಮಾನಿ ಕನ್ನಡಕದ ಮೇಲಿನಿಂದ ನೋಡಿದಳು. ಪೆನ್ಸಿಲ್ಲು, ಚೀಟಿ ಮುಂದಕ್ಕೆ ತಳ್ಳಿ, “ಬರಿ ನೋಡೋಣ, ‘ನೀಲಿ ದಾರದವಳು’ ಅಂತ” ಎಂದಳು. ಚೂಟಿ ಬರೆದಳು. ಯಜಮಾನಿ ಡ್ರಾಯರಿನಿಂದ ಕಾಗದ ತೆಗೆದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಳು. ನಗುವಿಗೆ ಅವಳ ಹೊಟ್ಟೆ ಕುಲುಕಿತು.

“ಅಯ್ಯೋ ನಿನ್ನ! ಹಾಲು ಹಲ್ಲು ಬಿದ್ದು ಇನ್ನೂ ಒಣಗಿಲ್ಲ, ‘ವಿರಹ’ ಅಂತೆ ವಿರಹ!”

ಹೆಂಗಸರು ಬಿದ್ದು ಬಿದ್ದು ನಕ್ಕರು. ಬಂಡಲಣ್ಣ ತಿರುಪು ಬಿಟ್ಟು ಮುಖ ಒರೆಸಿಕೊಂಡ. “ಸದ್ಯ!” ಎಂದ, ಎದೆಯ ಮೇಲೆ ಕೈಯಿಟ್ಟು. “ಬದುಕ್ಕೊಂಡೆ. ಒಂದು ವಾರದಿಂದ ನಿದ್ದೆ ಇಲ್ಲ ನಂಗೆ, ಇವರಿಗೆ ಹೇಗೆ ಬೇಡ ಅನ್ನೋದು ಅಂತ.”

ನಗು ಇನ್ನೂ ಜೋರಾಯಿತು. ಚಿಕ್ಕಮ್ಮನೂ ನಕ್ಕಳು. ಎಲ್ಲರಿಗಿಂತ ಒಂದು ಉಸಿರು ತಡವಾಗಿ. ಆ ಒಂದು ಉಸಿರಿನಲ್ಲಿ ಅವಳ ಮುಖ ಹೇಗಿತ್ತೆಂಬುದನ್ನು ಅಲ್ಲಿ ಕಂಡವಳು ಚೂಟಿ ಒಬ್ಬಳೇ. ತನ್ನ ಊಹೆ ಸುಳ್ಳಾಗಿರಲಿಲ್ಲ. ಅದು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು.

“ಸೋಮವಾರ ಎಂಟು ಗಂಟೆಗೆ ಬಾ” ಎಂದಳು ಯಜಮಾನಿ ಚಿಕ್ಕಮ್ಮನಿಗೆ. “ಕಿಟಕಿ ಪಕ್ಕದ ಕುರ್ಚಿ ನಿಂದು. ಇವಳಿಗೆ ಮನೇಲಿ ಮಡಿಸೋಕೆ ಹಚ್ಚು, ಪೆನ್ಸಿಲ್ ಮಾತ್ರ ಕೊಡ್ಬೇಡ.” ಕಾಗದವನ್ನು ಹರಿದು ಬುಟ್ಟಿಗೆ ಹಾಕಿದಳು.

ಹೊರಗೆ ಬಂದ ಮೇಲೆ ಚಿಕ್ಕಮ್ಮ ಬಿರಬಿರನೆ ನಡೆದಳು. ಚೂಟಿ ಹಿಂದೆ ಹಿಂದೆ ಓಡಿದಳು. ಬೀಗದ ಅಂಗಡಿ ದಾಟಿತು, ಬಸ್ ನಿಲ್ದಾಣ ದಾಟಿತು.

“ಕುರ್ಚಿ ಸಿಕ್ತಲ್ಲ ಚಿಕ್ಕಮ್ಮ.”

“ಹ್ಞೂಂ. ಸಿಕ್ತು.”

“ಸಿಟ್ಟಾ?”

“ಸಿಟ್ಟಿಲ್ದೆ ಏನು? ನಿನ್ನ ಚಟ್ನಿ ಅರೀಬೇಕು ಅನ್ನಿಸ್ತಿದೆ.” ಮತ್ತೆ ನಡೆದಳು. ರಸ್ತೆ ದಾಟಲು ನಿಂತಾಗ, ವಾಹನಗಳನ್ನೇ ನೋಡುತ್ತ ಕೇಳಿದಳು: “ಏನಂತ ಬರೆದಿದ್ದೆ?”

ಚೂಟಿಗೆ ಅದು ಅಕ್ಷರಶಃ ಬಾಯಿಪಾಠವಾಗಿತ್ತು. ಬರೆದಾಗ ಅಷ್ಟು ಚೆಂದ ಕಂಡಿದ್ದ ಮಾತುಗಳನ್ನು ಈಗ ಬಾಯಿಗೆ ತರಲು ನಾಚಿಕೆಯಾಯಿತು. ನೆನಪಿಲ್ಲ ಎನ್ನಬಹುದಿತ್ತು. ಆದರೆ ಊರೆಲ್ಲ ಓದಿ ನಕ್ಕ ಕಾಗದವನ್ನು ಚಿಕ್ಕಮ್ಮ ಮಾತ್ರ ಓದಿರಲಿಲ್ಲ. ಚೂಟಿ ನೆಲ ನೋಡುತ್ತ ಹೇಳತೊಡಗಿದಳು. ನಿಮ್ಮ ದಾರಿ ಕಾದು ಕಾದು ನನ್ನ ಕಣ್ಣುಗಳು ಬತ್ತಿವೆ. ಹತ್ತು ವರ್ಷಗಳ ಮೌನ ಈ ಎದೆಯನ್ನು ಸುಡುತ್ತಿದೆ. ಈ ವಿರಹವನ್ನು ಇನ್ನು ತಾಳಲಾರೆ. ಬಸ್ಸು ಹೋಯಿತು, ಲಾರಿ ಹೋಯಿತು, ರಸ್ತೆ ಖಾಲಿಯಾಯಿತು. ಇಬ್ಬರೂ ದಾಟಲಿಲ್ಲ. ಚಿಕ್ಕಮ್ಮ ಕೊನೆಯವರೆಗೂ ಕೇಳಿದಳು.

“ನಾನಾಗಿದ್ರೆ ಅಷ್ಟುದ್ದ ಬರೀತಿರ್ಲಿಲ್ಲ” ಎಂದಳು.

ಮತ್ತೇನು ಬರೆಯುತ್ತಿದ್ದೆ ಎಂಬ ಪ್ರಶ್ನೆ ಚೂಟಿಯ ನಾಲಿಗೆಯ ತುದಿಯವರೆಗೆ ಬಂತು. ಅವಳು ಹಲ್ಲು ಕಚ್ಚಿ ಅದನ್ನು ಅಲ್ಲೇ ತಡೆದಳು. ಕಾಲು ಕುಣಿಯಿತು, ಆದರೂ ಕೇಳಲಿಲ್ಲ.

“ನಡಿ, ಕಾಲು ಎತ್ತಿ ಹಾಕು” ಎಂದು ಚಿಕ್ಕಮ್ಮ ಅವಳ ತೋಳು ಹಿಡಿದು, ನೋವಾಗುವಷ್ಟು ಬಿಗಿಯಾಗಿ ಹಿಡಿದು, ರಸ್ತೆ ದಾಟಿಸಿದಳು.