ಏಳು ನಿಮಿಷದ ಪ್ಲೇಟು

"ತಡೀರಿ ಅಂಕಲ್, ಮುಳ್ಳು ಇಳಿಸ್ಬೇಡಿ," ಎಂದು ಟ್ರೆವರ್ ರೆಕಾರ್ಡ್ ಪ್ಲೇಯರಿನ ಮೇಲೆ ಬಾಗಿದ್ದ ವಿಲ್ಫ್‌ನ ಮಣಿಕಟ್ಟು ಹಿಡಿದ. "ನೋಡೋಕೆ ದೊಡ್ಡ ಪ್ಲೇಟು, ಆದ್ರೆ ಓಡ್ಬೇಕಾದ್ದು ಸಣ್ಣ ಪ್ಲೇಟಿನ ವೇಗಕ್ಕೆ. ನಿಮಿಷಕ್ಕೆ ನಲವತ್ತೈದು ಸುತ್ತು."

"ಏನಂದೆ?"

"ನಲವತ್ತೈದು ಅಪ್ಪಾ," ಎಂದು ಹೇಜಲ್ ಅಪ್ಪನ ಎಡಗಿವಿಯ ಹತ್ತಿರ ಬಾಗಿ ಕೂಗಿದಳು. ಬಲಗಿವಿಯನ್ನು ಉಕ್ಕಿನ ಕಾರ್ಖಾನೆಯ ದೊಡ್ಡ ಯಂತ್ರಸುತ್ತಿಗೆಯ ಸದ್ದು ಮೂವತ್ತೊಂದು ವರ್ಷಗಳಲ್ಲಿ ಪೂರ್ತಿ ತಿಂದುಹಾಕಿತ್ತು. ಎಡಗಿವಿಯಲ್ಲಿ ಅಷ್ಟಿಷ್ಟು ಉಳಿದಿತ್ತು. ಹೋದ ಚಳಿಗಾಲದಲ್ಲಿ ಕಾರ್ಖಾನೆ ಮುಚ್ಚಿ ಆ ಸುತ್ತಿಗೆಯೂ ನಿಂತಿತು. ಶೆಫೀಲ್ಡಿನ ಆ ಬೀದಿಯಲ್ಲಿ ಈಗ ಬೆಳಗ್ಗೆ ಹತ್ತಕ್ಕೂ ಗಂಡಸರು ಮನೆಯಲ್ಲೇ ಇರುತ್ತಿದ್ದರು.

"ದೊಡ್ಡದು ಅಂದ್ಮೇಲೆ ನಿಧಾನ ಇರ್ಬೇಕಪ್ಪ," ಎಂದು ವಿಲ್ಫ್ ಗೊಣಗುತ್ತ ತನ್ನ ಕುರ್ಚಿಗೆ ಹೋದ. ಅವನ ಹತ್ತಿರ ಇದ್ದ ದೊಡ್ಡ ಪ್ಲೇಟುಗಳೆಲ್ಲ ಕಹಳೆ ವಾದ್ಯವೃಂದಗಳವು. ಒಂದಕ್ಕೂ ಅವಸರವಿರಲಿಲ್ಲ.

ಪಕ್ಕದ ಮನೆಯ ಆಗ್ನೆಸ್ ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು, ಬಿಸ್ಕತ್ತಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದು ಕೂತಿದ್ದಳು. ನಮ್ಮ ಹೇಜಲ್‌ಳ ದನಿ ಲಂಡನ್ನಿನಿಂದ ಪ್ಲೇಟಾಗಿ ಬರುತ್ತಿದೆ ಎಂದು ಬೀದಿಗೆಲ್ಲ ಹೇಳಿದವಳೇ ಅವಳು.

ಎರಡು ವರ್ಷ ಹೇಜಲ್, ಟ್ರೆವರ್ ಇಬ್ಬರೂ ಹಾಡು ಕಟ್ಟಿದ್ದು ಮುಚ್ಚಿಹೋದ ಚಾಕು ಕಾರ್ಖಾನೆಯೊಂದರ ಮಹಡಿಯ ಮೇಲೆ. ಟ್ರೆವರ್ ಕೀಲಿಮಣೆ ಒತ್ತುತ್ತಿದ್ದ, ತಂತಿ ತುಂಬಿದ ಪೆಟ್ಟಿಗೆಯೊಂದು ಡ್ರಮ್ಮು ಬಾರಿಸುತ್ತಿತ್ತು, ಹೇಜಲ್ ಗೋಡೆಗೆ ಮುಖ ಮಾಡಿ ಹಾಡುತ್ತಿದ್ದಳು. ಯಾರಾದರೂ ನೋಡುತ್ತಿದ್ದರೆ ಅವಳಿಂದ ಹಾಡಲಾಗುತ್ತಿರಲಿಲ್ಲ. ಅಲ್ಲೇ ಮಾಡಿದ ಸಣ್ಣ ಪ್ಲೇಟು ಹೇಗೋ ಲಂಡನ್ನಿನ ಕಂಪನಿಯೊಂದರ ಕಿವಿಗೆ ಬಿತ್ತು. ಮೂರು ನಿಮಿಷದ ಹಾಡನ್ನು ಡ್ಯಾನ್ಸ್ ಹಾಲಿನವರಿಗಾಗಿ ಏಳು ನಿಮಿಷಕ್ಕೆ ಹಿಗ್ಗಿಸುತ್ತೇವೆ, ಆಮೇಲೆ ಇಬ್ಬರೂ ಇಲ್ಲಿಗೇ ಬನ್ನಿ ಎಂದರು. ಆ ಮಾತು ನಂಬಿ ಹೇಜಲ್ ಚಮಚಗಳಿಗೆ ಹೊಳಪು ಕೊಡುವ ಕೆಲಸ ಬಿಟ್ಟು ಐದು ವಾರವಾಗಿತ್ತು. ಹದಿನೈದರಲ್ಲಿ ಶಾಲೆ ಬಿಟ್ಟ ಮೇಲೆ ಅವಳಿಗೆ ಗೊತ್ತಿದ್ದ ಕೆಲಸ ಅದೊಂದೇ.

ಟ್ರೆವರ್ ಮುಳ್ಳು ಇಳಿಸಿದ. ಮೊದಲು ಬರೀ ಡ್ರಮ್ಮು. ಒಂದು ನಿಮಿಷವಾದರೂ ಬರೀ ಡ್ರಮ್ಮೇ.

"ಹಾಡೋರು ಇನ್ನೂ ಟೀ ಕುಡೀತಿದಾರಾ?" ಎಂದಳು ಆಗ್ನೆಸ್.

ವಿಲ್ಫ್ ಎದ್ದುಹೋಗಿ ಸ್ಪೀಕರಿನ ಬಟ್ಟೆಯ ಮೇಲೆ ಅಂಗೈ ಇಟ್ಟ. "ಸುತ್ತಿಗೆ ಸದ್ದೇ ಇದು. ಆದ್ರೆ ಹೊಡಿಯೋನಿಗೆ ಬಸ್ಸು ತಪ್ಪೋ ಹಂಗಿದೆ."

ಆಗ ಕೇಳಿಸಿತು, ಒಂದು ಉಸಿರು. ಹಾಡು ಶುರುವಾಗುವ ಮೊದಲು ಒಳಗೆಳೆದುಕೊಳ್ಳುವ ಉಸಿರು. ಹೇಜಲ್ ಅದನ್ನು ತಕ್ಷಣ ಗುರುತಿಸಿದಳು. ತಿಳಿಯದೆಯೇ ಅವಳ ತುಟಿ ಮೊದಲ ಮಾತಿಗೆ ಸಿದ್ಧವಾಯಿತು. ಮಾತು ಬರಲಿಲ್ಲ. ಮತ್ತೆ ಉಸಿರು. ಮತ್ತೊಮ್ಮೆ. ಡ್ರಮ್ಮಿನ ಪೆಟ್ಟಿಗೊಂದರಂತೆ ಹದಿನಾರು ಸಲ ಅವಳು ಉಸಿರೆಳೆದಳು, ಒಂದು ಸಲವೂ ಬಿಡಲಿಲ್ಲ. ಆಮೇಲೆ ಹಾಡು ಬಂತು. ಹಾಡಿದ್ದು ಬೇರೆ ಯಾರೋ, ನುಣ್ಣನೆಯ ದನಿಯ ಹುಡುಗಿ.

ಟ್ರೆವರ್ ಜಮಖಾನದ ಅಂಚನ್ನೇ ನೋಡುತ್ತ ನಿಂತಿದ್ದ.

"ಇದು ನೀನಲ್ವಲ್ಲೇ ಕೂಸೇ," ಎಂದಳು ಆಗ್ನೆಸ್ ಮೆಲ್ಲಗೆ.

"ಯಾರವಳು?" ಎಂದು ಹೇಜಲ್ ಟ್ರೆವರನನ್ನು ಕೇಳಿದಳು.

"ಅಲ್ಲಿಯವಳೇ. ಕಂಪನಿಯವರು ಕರೆಸಿದ್ರು." ಅವನು ಪ್ಲೇಟಿನ ರಟ್ಟಿನ ಕವಚವನ್ನು ತಿರುಗಿಸಿ ಮುರುಗಿಸಿ ನೋಡಿದ. "ಲಂಡನ್ ಸ್ಟುಡಿಯೋಲಿ ಒಬ್ಬ ಇದಾನೆ ಹೇಜಲ್. ಬ್ಲೇಡಿನಲ್ಲಿ ಟೇಪು ಕತ್ತರಿಸಿ ಅಂಟಿಸ್ತಾನೆ. ಬೆಳಗಿಂದ ಸಂಜೆ ತನಕ ಕೂತಿದ್ದ. ನೆಲದ ತುಂಬಾ ತುಂಡುಗಳು. ನಿನ್ನ ಉಸಿರು ಕೇಳಿ ಎರಡು ಸಲ ಹಿಂದಕ್ಕೆ ಹಾಕಿಸ್ದ. ಇದು ಚಿನ್ನ, ಇದನ್ನ ಬಿಡ್ಬಾರ್ದು ಅಂದ."

"ಹಾಡು?"

"ಅದು ನೆಲದ ಮೇಲಿತ್ತು."

"ನೀನೂ ಅಲ್ಲೇ ಇದ್ಯಲ್ಲ?"

"ಇದ್ದೆ."

"ಏನೂ ಅನ್ಲಿಲ್ವಾ?"

"ನೀನು ಗೋಡೆ ನೋಡ್ಕೊಂಡು ಹಾಡ್ತೀಯ ಹೇಜಲ್. ಅವ್ರಿಗೆ ಟೀವಿಲಿ ತೋರ್ಸೋಕೆ ಮುಖ ಬೇಕು." ಕವಚವನ್ನು ಕೆಳಗಿಟ್ಟು, "ನಾನು ಸೋಮವಾರ ಲಂಡನ್ನಿಗೆ ಹೊರಡ್ತೀನಿ," ಎಂದ.

ಆಗ್ನೆಸ್ ಡಬ್ಬಿಯ ಮುಚ್ಚಳ ಹಾಕಿದಳು. ಅಂಗೈ ತೆಗೆಯದೆಯೇ ವಿಲ್ಫ್ ತಿರುಗಿ ನೋಡಿದ. "ಇದ್ರಲ್ಲಿ ನೀನು ಯಾವುದು ಮಗಾ?"

ಅವನ ಮುಖ ತೊಳೆದಿಟ್ಟ ಹಾಗಿತ್ತು. ಮಗಳ ಪ್ಲೇಟಿಗೆಂದು ಬೆಳಗ್ಗೆ ಗಡ್ಡ ಹೆರೆದುಕೊಂಡಿದ್ದ.

"ಹಾಡೋದು ನಾನೇ ಅಪ್ಪಾ," ಎಂದು ಅವಳು ಅವನ ಕಿವಿಗೆ ಕೂಗಿದಳು.

"ಚೆನ್ನಾಗಿದೆ," ಎಂದ ವಿಲ್ಫ್, ತಲೆಯಾಡಿಸಿ.

ಶುಕ್ರವಾರ ಮಧ್ಯಾಹ್ನ ಅವಳು ಚಮಚದ ಕಾರ್ಖಾನೆಗೆ ಹೋದಳು. ಹೆಂಗಸರು ಎಂದಿನಂತೆ ಮಸಿ ತಾಗದಿರಲೆಂದು ಮೊಣಕಾಲಿಗೆ, ಹೊಟ್ಟೆಗೆ ಹಳೆಯ ಪತ್ರಿಕೆ ಸುತ್ತಿ ದಾರ ಕಟ್ಟಿಕೊಂಡು, ತಿರುಗುವ ಚಕ್ರಕ್ಕೆ ಚಮಚ ಒತ್ತುತ್ತಿದ್ದರು. ಕಪ್ಪು ಮಸಿ ಹಾರಿ ಎಲ್ಲರ ಮುಖವೂ ಒಂದೇ ಆಗಿತ್ತು.

"ಬಂದಳಪ್ಪಾ ರಾಣಿ," ಎಂದಳು ಮೇಲ್ವಿಚಾರಕಿ ಎಡ್ನಾ. "ಲಂಡನ್ನಲ್ಲಿ ಚಮಚ ಇಲ್ವಂತಾ?" ಆಮೇಲೆ ಹೇಜಲ್‌ಳ ಮುಖ ನೋಡಿ ದನಿ ಇಳಿಸಿದಳು. "ಸೋಮವಾರ ಏಳೂವರೆಗೆ ಬಾ. ಸುತ್ಕೊಳ್ಳೋ ಕಾಗದ ನೀನೇ ತಗೊಂಡ್ಬಾ. ಇಲ್ಲಿ ಅದಕ್ಕೂ ಗತಿಯಿಲ್ಲ ಈಗ."

ಮನೆಯ ಬಾಗಿಲು ತೆರೆಯುವಾಗಲೇ ಸದ್ದು ಕೇಳಿಸಿತು. ಧಡ್, ಬಿಡುವು, ಧಡ್. ವಿಲ್ಫ್ ಪ್ಲೇಟು ಹಾಕಿಕೊಂಡು ನೆಲದ ಮೇಲೆ ಕೂತಿದ್ದ, ಎಡಗಿವಿಯನ್ನು ಸ್ಪೀಕರಿನ ಬಟ್ಟೆಗೆ ಒತ್ತಿಕೊಂಡು. ವೇಗದ ಕಡ್ಡಿಯನ್ನು ಮೂವತ್ತಮೂರಕ್ಕೆ ತಳ್ಳಿದ್ದ, ತನ್ನ ಎಲ್ಲ ದೊಡ್ಡ ಪ್ಲೇಟುಗಳಿಗೆ ಮಾಡುವ ಹಾಗೆ. ಲಂಡನ್ನಿನ ಹುಡುಗಿ ನೆಗಡಿಯಾದ ಗಂಡಸಿನಂತೆ ಹಾಡುತ್ತಿದ್ದಳು.

ಹೇಜಲ್ ಸರಿಮಾಡಲು ಕೈ ಚಾಚಿದಳು. ಅವನು ಅವಳ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮುಳ್ಳನ್ನೆತ್ತಿ ಮತ್ತೆ ಹಿಂದಿಟ್ಟ.

ಉಸಿರು ಬಂತು. ಈಗ ಅದು ಉದ್ದವಾಗಿತ್ತು, ಬಾವಿಯಿಂದ ಮೇಲೆಳೆದ ಹಾಗೆ. ಸುತ್ತಿಗೆ ಬಿತ್ತು. ಮತ್ತೆ ಉಸಿರು.

"ಇದು ನೀನು," ಎಂದ ವಿಲ್ಫ್. "ಚಿಕ್ಕೋಳಿದ್ದಾಗ ಚರ್ಚಲ್ಲಿ ನನ್ನ ಪಕ್ಕ ನಿಂತು ಹಾಡೋಕೆ ಮುಂಚೆ ಹಿಂಗೇ ಮಾಡ್ತಿದ್ದೆ. ಯಾರೋ ನೀರಿಗೆ ತಳ್ತಾರೇನೋ ಅನ್ನೋ ಹಂಗೆ." ಹುಡುಗಿಯ ಹಾಡು ಶುರುವಾಗುವ ಮೊದಲೇ ಮುಳ್ಳೆತ್ತಿದ. "ಆಮೇಲಿಂದು ನೀನಲ್ಲ."

ಹೇಜಲ್ ಕೋಟು ಬಿಚ್ಚಿ ಬಾಗಿಲ ಹಿಂದೆ ತೂಗುಹಾಕಿದಳು.

"ಎಡ್ನಾ ಏನಂದ್ಲು?"

ತಾನು ಎಲ್ಲಿಗೆ ಹೋಗಿದ್ದೆನೆಂದು ಹೇಜಲ್ ಅವನಿಗೆ ಹೇಳಿರಲಿಲ್ಲ. "ಸೋಮವಾರ," ಎಂದಳು, ಕೂಗದೆ. ಅವನು ಅವಳ ತುಟಿ ನೋಡಿ ತಿಳಿದುಕೊಂಡ.

ವಿಲ್ಫ್ ಮತ್ತೆ ಮೊದಲಿನಿಂದ ಹಾಕಿದ. ಕುರ್ಚಿಯ ಮೇಲಿದ್ದ ಅಂದಿನ ಪತ್ರಿಕೆಯನ್ನು ಎಳೆದು, ಕುದುರೆ ಜೂಜಿನ ಪುಟವನ್ನು ಮಾತ್ರ ಹರಿದು ಜೇಬಿಗಿಟ್ಟುಕೊಂಡು, ಉಳಿದದ್ದನ್ನು ಅವಳತ್ತ ಚಾಚಿದ. ಹೇಜಲ್ ಅವನ ಪಕ್ಕ ನೆಲದ ಮೇಲೆ ಕೂತು ಹಾಳೆಗಳನ್ನು ಬಿಡಿಸಿ, ಮೊಣಕಾಲಿನ ಅಳತೆಗೆ ಒಂದೊಂದಾಗಿ ಮಡಚತೊಡಗಿದಳು.